ನಮ್ಮ ಮೆಟ್ರೋ ಹಳದಿ ಮಾರ್ಗ: ಎಲೆಕ್ಟ್ರಾನಿಕ್ ಸಿಟಿಯ ಹಳೆಯ ಬಾಕಿ

ನಾಳೆಯ ನಗರ ಹೇಗಿರಬೇಕು ಎಂಬ ಪ್ರಶ್ನೆಗೆ ಬೆಂಗಳೂರು ಒಮ್ಮೆ ಉತ್ತರ ಕೊಟ್ಟಾಗಿದೆ, ಅದೂ ಹತ್ತಿರ ಹತ್ತಿರ ಅರ್ಧ ಶತಮಾನದ ಹಿಂದೆಯೇ. ಆರ್.ಕೆ. ಬಾಳಿಗರ ನೇತೃತ್ವದಲ್ಲಿದ್ದ, ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ಅಭಿವೃದ್ಧಿ ನಿಗಮವಾದ ಕಿಯೋನಿಕ್ಸ್ ಸಂಸ್ಥೆಯು 1978ರಲ್ಲಿ ಹೊಸೂರು ರಸ್ತೆಯ ಬದಿಯ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆ ಜಮೀನಿನಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಕಟ್ಟಲು ಹೊರಟಾಗ, ಕಂಪ್ಯೂಟರನ್ನು ಕಣ್ಣಾರೆ ಕಂಡವರೇ ಊರಿನಲ್ಲಿ ವಿರಳವಾಗಿದ್ದರು. ಆ ಕನಸು ದೊಡ್ಡದಾಗಿತ್ತು, ನಿಜವೂ ಆಯಿತು. ಆದರೆ ಅಲ್ಲಿಗೆ ಮುಂದೊಂದು ದಿನ ಇಷ್ಟೊಂದು ಜನ ಬೆಳಿಗ್ಗೆ ಹೋಗಿ ಸಂಜೆ ಹಿಂದಿರುಗಬೇಕಾಗುತ್ತದೆ ಎಂಬ ಯೋಚನೆಗೆ ಅದರಲ್ಲಿ ಜಾಗ ಸಿಕ್ಕಂತೆ ಕಾಣುವುದಿಲ್ಲ. ಕಂಪನಿಗಳು ಬಂದವು, ರಸ್ತೆ ಸಾಲದಾಯಿತು. 2010ರಲ್ಲಿ ಸಿಲ್ಕ್ ಬೋರ್ಡಿನಿಂದ ಸುಮಾರು 10 ಕಿಲೋಮೀಟರ್ ಉದ್ದದ, ಟೋಲ್ ಕಟ್ಟಿ ಹೋಗಬೇಕಾದ ಎತ್ತರಿಸಿದ ರಸ್ತೆ ಬಂತು. ಕಾರಿದ್ದವರಿಗೆ ಕೆಲವು ವರ್ಷಗಳ ಮಟ್ಟಿಗೆ ಹಾಯೆನಿಸಿತು. ರೈಲು ಬಂದದ್ದು ಮಾತ್ರ 2025ರ ಆಗಸ್ಟ್ 10ರಂದು, ಪ್ರಧಾನಿ ನರೇಂದ್ರ ಮೋದಿಯವರು ನಮ್ಮ ಮೆಟ್ರೋದ ಹಳದಿ ಮಾರ್ಗವನ್ನು ಉದ್ಘಾಟಿಸಿದಾಗ. ಊರಿಗೂ ಅದರ ರೈಲಿಗೂ ನಡುವೆ 47 ವರ್ಷಗಳ ಅಂತರ.

ಈ ಬರಹ ಆ ಮಾರ್ಗದ ವಿಮರ್ಶೆ. ಸುಮಾರು 7,160 ಕೋಟಿ ರೂಪಾಯಿ ವೆಚ್ಚದಲ್ಲಿ, ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ 19.15 ಕಿಲೋಮೀಟರ್ ಉದ್ದಕ್ಕೆ, 16 ನಿಲ್ದಾಣಗಳೊಂದಿಗೆ ಇದನ್ನು ಕಟ್ಟಲಾಗಿದೆ. ಅಂದರೆ ಕಿಲೋಮೀಟರಿಗೆ ಸರಿಸುಮಾರು 374 ಕೋಟಿ. ಇಷ್ಟು ಹಣ ಸುರಿದು ಕೊಂಡ ಸೇವೆಯನ್ನು, ಅಂಗಡಿಯಲ್ಲಿ ಕೊಂಡ ಮಿಕ್ಸಿಯನ್ನು ಪರೀಕ್ಷಿಸುವಷ್ಟೇ ನಿಷ್ಠುರವಾಗಿ ಪರೀಕ್ಷಿಸುವ ಹಕ್ಕು ತೆರಿಗೆ ಕಟ್ಟುವವರಿಗೆ ಇದೆಯೆಂದು ನಾನು ನಂಬಿದ್ದೇನೆ. ಹೊಸೂರು ರಸ್ತೆಯಲ್ಲಿ ಬಸ್ಸು, ಕಂಪನಿಯ ವ್ಯಾನು, ಸ್ಕೂಟರು ಮೂರರಲ್ಲೂ ಓಡಾಡಿ ಬಹಳ ವರ್ಷ ಕಳೆದವನು ನಾನು. ಹಳದಿ ಮಾರ್ಗದಲ್ಲಿ ವಾರದ ದಿನದ ಬೆಳಿಗ್ಗೆ, ಮಧ್ಯಾಹ್ನ, ಮಳೆಯ ಸಂಜೆ, ಭಾನುವಾರ ಹೀಗೆ ಬೇರೆ ಬೇರೆ ಹೊತ್ತಿನಲ್ಲಿ ಪ್ರಯಾಣ ಮಾಡಿದ ನಂತರವೇ ಇದನ್ನು ಬರೆಯುತ್ತಿದ್ದೇನೆ.

ಪ್ರಯಾಣದ ಬಗ್ಗೆ ಮೊದಲು ಹೇಳಬೇಕಾದದ್ದು, ಅದು ಹಿತವಾಗಿದೆ. ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗದಿಂದ ಇಳಿದವರು ಹೊಸದಾಗಿ ಟಿಕೆಟ್ ಕೊಳ್ಳದೆ, ಹೊರಗೂ ಹೋಗದೆ ಹಳದಿ ಮಾರ್ಗಕ್ಕೆ ಬದಲಾಯಿಸಿಕೊಳ್ಳಬಹುದು. ಆರು ಬೋಗಿಗಳ ರೈಲು ಈ ತುದಿಯಿಂದ ಆ ತುದಿಗೆ ಸುಮಾರು 35 ನಿಮಿಷಗಳಲ್ಲಿ ತಲುಪುತ್ತದೆ. ನಿಲ್ದಾಣಗಳಲ್ಲಿ ನಿಲ್ಲುವ ಹೊತ್ತನ್ನೂ ಸೇರಿಸಿ ಲೆಕ್ಕ ಹಾಕಿದರೆ ಗಂಟೆಗೆ 33 ಕಿಲೋಮೀಟರಿನ ಹತ್ತಿರದ ಸರಾಸರಿ ವೇಗ. ಇದು ಕೇಳಲು ದೊಡ್ಡದೆನಿಸದಿರಬಹುದು. ಆದರೆ ಬೆಳಿಗ್ಗೆ ಒಂಬತ್ತೂವರೆಯ ಸಿಲ್ಕ್ ಬೋರ್ಡ್ ವೃತ್ತದಲ್ಲಿ ಕಾಲು ಗಂಟೆ ಕಾಲ ಎದುರಿನ ಟೆಂಪೋದ ಹಿಂಬದಿಯ ಬರಹವನ್ನು ಬಾಯಿಪಾಠವಾಗುವವರೆಗೆ ಓದಿದವರಿಗೆ, ಅದೇ ವೃತ್ತವನ್ನು ಮೇಲಿನಿಂದ ಅರೆ ನಿಮಿಷದಲ್ಲಿ ದಾಟುವುದೆಂದರೇನು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂದಹಾಗೆ, ಆ ವೃತ್ತಕ್ಕೆ ಹೆಸರು ಕೊಟ್ಟ ಕೇಂದ್ರ ರೇಷ್ಮೆ ಮಂಡಳಿಯ ಕಚೇರಿ ಅಲ್ಲೇ ಪಕ್ಕದಲ್ಲಿದೆ. ರೇಷ್ಮೆಯ ನುಣುಪಿಗಾಗಿ ದುಡಿಯುವ ಸಂಸ್ಥೆಯೊಂದರ ಹೆಸರು ಊರಿನ ಅತಿ ಒರಟು ಜಾಗಕ್ಕೆ ಅಂಟಿಕೊಂಡದ್ದು ನಮ್ಮೂರಿನ ತಮಾಷೆಗಳಲ್ಲೊಂದು.

ರಾಗಿಗುಡ್ಡದಿಂದ ಸಿಲ್ಕ್ ಬೋರ್ಡಿನವರೆಗಿನ ಸುಮಾರು 3.3 ಕಿಲೋಮೀಟರ್ ಭಾಗ ಈ ಮಾರ್ಗದ ವಿಶೇಷ. ಇಲ್ಲಿ ಒಂದೇ ಸಾಲಿನ ಕಂಬಗಳ ಮೇಲೆ ಎರಡು ಅಂತಸ್ತುಗಳಿವೆ: ಕೆಳ ಅಂತಸ್ತಿನಲ್ಲಿ ವಾಹನಗಳ ಮೇಲ್ಸೇತುವೆ, ಮೇಲಂತಸ್ತಿನಲ್ಲಿ ರೈಲು. ರಸ್ತೆಗೂ ರೈಲಿಗೂ ಬೇರೆ ಬೇರೆ ಕಂಬ ನೆಟ್ಟು, ಎರಡು ಸಲ ಭೂಮಿ ಕೊಂಡು, ಎರಡು ಸಲ ರಸ್ತೆ ಅಗೆಯುವ ನಮ್ಮ ರೂಢಿಗೆ ಹೋಲಿಸಿದರೆ ಇದು ವಿವೇಕದ ಕೆಲಸ. ಜಯದೇವ ನಿಲ್ದಾಣದಲ್ಲಿ ಈ ಅಂತಸ್ತುಗಳು ಇನ್ನೂ ಹೆಚ್ಚುತ್ತವೆ. ಕೆಳಸೇತುವೆ, ನೆಲಮಟ್ಟದ ರಸ್ತೆ, ಮೇಲ್ಸೇತುವೆ, ಅದರ ಮೇಲೆ ಹಳದಿ ಮಾರ್ಗ, ಅದಕ್ಕೂ ಮೇಲೆ ಕಾಳೇನ ಅಗ್ರಹಾರದ ಕಡೆಯಿಂದ ನಾಗವಾರದ ಕಡೆಗೆ ಹೋಗಬೇಕಾದ ಗುಲಾಬಿ ಮಾರ್ಗ. ನೋಡುವವರು ತಲೆಯೆತ್ತಿ ನೋಡುವಂಥದ್ದೇ. ಆದರೆ ಇದೇ ಜಾಗದಲ್ಲಿ ಹಿಂದೆ ಇದ್ದ ಮೇಲ್ಸೇತುವೆಯನ್ನು, ಕಟ್ಟಿ ಎರಡು ದಶಕವೂ ತುಂಬುವ ಮೊದಲೇ, ಮೆಟ್ರೋಗೆ ದಾರಿ ಮಾಡಿಕೊಡಲು ಕೆಡವಲಾಯಿತು ಎಂಬುದನ್ನೂ ಮರೆಯುವಂತಿಲ್ಲ. ಸುಸ್ಥಿರ ನಗರದ ಮಾತು ಬಂದಾಗ ನಾವು ಸೌರಫಲಕಗಳ ಬಗ್ಗೆ ಮಾತಾಡುತ್ತೇವೆ. ಹತ್ತಾರು ವರ್ಷ ಬಾಳಬೇಕಾದ ಕಾಂಕ್ರೀಟನ್ನು ಅರ್ಧ ಆಯುಷ್ಯದಲ್ಲೇ ಪುಡಿಮಾಡಿ ಹೊತ್ತು ಹಾಕುವುದರ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ.

ನನ್ನ ಪ್ರಕಾರ ಹಳದಿ ಮಾರ್ಗದ ಅತ್ಯಂತ ಬೆಲೆಬಾಳುವ ನಿಲ್ದಾಣ ಈ ಜಯದೇವವೇ, ಮತ್ತು ಅದಕ್ಕೆ ಕಾರಣ ಅದರ ಎತ್ತರವಲ್ಲ. ಹಾಸನದಿಂದಲೋ ಚಿತ್ರದುರ್ಗದಿಂದಲೋ ಎದೆನೋವಿನ ತಂದೆಯನ್ನು ಕರೆದುಕೊಂಡು ಬೆಳಗಿನ ಬಸ್ಸಿನಲ್ಲಿ ಮೆಜೆಸ್ಟಿಕ್ಕಿನಲ್ಲಿ ಇಳಿಯುವವರು ಇಲ್ಲಿಯವರೆಗೆ ಆಟೋದವರ ಮರ್ಜಿಗೆ ಬಿದ್ದು ಜಯದೇವ ಹೃದ್ರೋಗ ಆಸ್ಪತ್ರೆ ಸೇರಬೇಕಾಗಿತ್ತು. ಈಗ ಮೆಜೆಸ್ಟಿಕ್ಕಿನಲ್ಲಿ ಹಸಿರು ಮಾರ್ಗ ಹಿಡಿದು, ಆರ್.ವಿ. ರಸ್ತೆಯಲ್ಲಿ ಬದಲಾಯಿಸಿ, ಅಲ್ಲಿಂದ ಎರಡನೆಯ ನಿಲ್ದಾಣದಲ್ಲಿ ಇಳಿದರಾಯಿತು. ನಾನು ಹೋದ ಒಂದು ಬೆಳಿಗ್ಗೆ ಎದುರಿನ ಸೀಟಿನಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಇಸಿಜಿ ಕಾಗದಗಳ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ ಹಿರಿಯರು, ಪ್ರತಿ ನಿಲ್ದಾಣದಲ್ಲೂ ‘ಜೈದೇವಾ ಬಂತಾ ತಮ್ಮಾ’ ಎಂದು ಕೇಳುತ್ತಿದ್ದರು. ಇನ್ನೊಂದು ತುದಿಯ ಬೊಮ್ಮಸಂದ್ರದ ಕಡೆಗೆ ನಾರಾಯಣ ಹೃದಯಾಲಯವಿದೆ. ಒಂದೇ ಸಾಲಿನಲ್ಲಿ ಎರಡು ದೊಡ್ಡ ಹೃದ್ರೋಗ ಆಸ್ಪತ್ರೆಗಳಿರುವ ಈ ಮಾರ್ಗವನ್ನು ಪತ್ರಿಕೆಗಳು ಐಟಿ ಉದ್ಯೋಗಿಗಳ ಮಾರ್ಗವೆಂದೇ ಕರೆದವು. ನಾನು ಅದನ್ನು ಒಪ್ಪುವುದಿಲ್ಲ.

ಇನ್ನು ತಂತ್ರಜ್ಞಾನದ ವಿಷಯ. ಹಳದಿ ಮಾರ್ಗದ ರೈಲುಗಳು ಚಾಲಕರಿಲ್ಲದೆಯೂ ಓಡಬಲ್ಲವು; ಆದರೂ ಆರಂಭದಲ್ಲಿ ಅವುಗಳನ್ನು ಚಾಲಕರನ್ನು ಇಟ್ಟುಕೊಂಡೇ ಓಡಿಸಲಾಗಿದೆ, ಅದು ಸರಿಯಾದ ನಿರ್ಧಾರವೂ ಹೌದು. ಚಾಲಕರಿಲ್ಲ ಎಂಬುದಕ್ಕಿಂತ ಮುಖ್ಯವಾದದ್ದು ಅದರ ಹಿಂದಿರುವ ಸಿಗ್ನಲ್ ವ್ಯವಸ್ಥೆ. ಹಳೆಯ ಪದ್ಧತಿಯಲ್ಲಿ ಹಳಿಯನ್ನು ನಿಗದಿತ ಉದ್ದದ ತುಂಡುಗಳಾಗಿ ವಿಂಗಡಿಸಿ, ಒಂದು ತುಂಡಿನಲ್ಲಿ ರೈಲು ಇರುವವರೆಗೆ ಇನ್ನೊಂದನ್ನು ಅದರೊಳಕ್ಕೆ ಬಿಡುತ್ತಿರಲಿಲ್ಲ. ಇಲ್ಲಿ ಪ್ರತಿಯೊಂದು ರೈಲೂ ತಾನು ಎಲ್ಲಿದ್ದೇನೆ, ಎಷ್ಟು ವೇಗದಲ್ಲಿದ್ದೇನೆ ಎಂಬುದನ್ನು ರೇಡಿಯೋ ಸಂಪರ್ಕದ ಮೂಲಕ ನಿಯಂತ್ರಣ ಕೇಂದ್ರಕ್ಕೆ ಬಿಡದೆ ತಿಳಿಸುತ್ತಿರುತ್ತದೆ, ಮತ್ತು ಹಿಂದಿನ ರೈಲು ಮುಂದಿನದಕ್ಕೆ ಎಷ್ಟು ಹತ್ತಿರ ಬರಬಹುದೆಂಬ ಲೆಕ್ಕ ಆ ಕ್ಷಣದ ವೇಗಕ್ಕೆ ತಕ್ಕಂತೆ ಬದಲಾಗುತ್ತಲೇ ಇರುತ್ತದೆ. ಸಂತೆಯ ಗದ್ದಲದಲ್ಲಿ ಒಬ್ಬರ ಹಿಂದೊಬ್ಬರು ಡಿಕ್ಕಿ ಹೊಡೆಯದೆ ನಡೆಯುವ ಜನರ ಹಾಗೆ, ರೈಲುಗಳು ನಡುವಿನ ಅಂತರವನ್ನು ತಾವೇ ಹೊಂದಿಸಿಕೊಳ್ಳುತ್ತವೆ. ಇಂಥ ವ್ಯವಸ್ಥೆಯಲ್ಲಿ ಎರಡು ನಿಮಿಷಕ್ಕೊಂದರಂತೆ ರೈಲು ಬಿಡುವುದೂ ಸಾಧ್ಯ.

ವಿದ್ಯುತ್ತಿನ ವ್ಯವಸ್ಥೆಯೂ ಗಮನಿಸತಕ್ಕದ್ದು. ನಮ್ಮ ಮೆಟ್ರೋದಲ್ಲಿ ತಲೆಯ ಮೇಲೆ ತಂತಿಗಳಿಲ್ಲ; ಹಳಿಗಳ ಪಕ್ಕದಲ್ಲಿ ಹಾಯುವ ಮೂರನೆಯ ಹಳಿಯಿಂದ 750 ವೋಲ್ಟ್ ನೇರ ವಿದ್ಯುತ್ ಬರುತ್ತದೆ. ರೈಲು ಬ್ರೇಕ್ ಹಾಕಿದಾಗ ಅದರ ಮೋಟಾರುಗಳೇ ಜನರೇಟರುಗಳಾಗಿ ಬದಲಾಗಿ, ನಿಲ್ಲುವ ರೈಲಿನ ಚಲನಶಕ್ತಿಯನ್ನು ವಿದ್ಯುತ್ತಾಗಿ ಹಿಂದಿರುಗಿಸುತ್ತವೆ. ಆ ಹೊತ್ತಿಗೆ ಪಕ್ಕದಲ್ಲಿ ಹೊರಡುತ್ತಿರುವ ಇನ್ನೊಂದು ರೈಲು ಅದನ್ನು ಬಳಸಿಕೊಳ್ಳುತ್ತದೆ. ಸುಮಾರು ಒಂದೂಕಾಲು ಕಿಲೋಮೀಟರಿಗೊಮ್ಮೆ ನಿಂತು ಹೊರಡುವ ರೈಲಿನಲ್ಲಿ ಇದು ಸಣ್ಣ ಉಳಿತಾಯವಲ್ಲ. ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ನಿಲ್ಲುವ ರೈಲು ಕೊಟ್ಟದ್ದನ್ನು ತೆಗೆದುಕೊಳ್ಳಲು ಹತ್ತಿರದಲ್ಲಿ ಇನ್ನೊಂದು ರೈಲು ಇರಬೇಕು. ಹಳಿಯ ಮೇಲೆ ರೈಲುಗಳು ವಿರಳವಾಗಿದ್ದಷ್ಟೂ ಈ ಕೊಡುಕೊಳ್ಳುವಿಕೆಯೂ ವಿರಳವಾಗುತ್ತದೆ.

ಮೆಟ್ರೋ ಹೊಗೆ ಬಿಡುವುದಿಲ್ಲ ಎಂಬ ಮಾತನ್ನು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಅದರ ಹೊಗೆ ಎಲ್ಲಾದರೂ ಇದ್ದರೆ ರಾಯಚೂರಿನ ಶಾಖೋತ್ಪನ್ನ ಸ್ಥಾವರದಲ್ಲಿರುತ್ತದೆ. ಪಾವಗಡದ 2,050 ಮೆಗಾವಾಟಿನ ಸೌರ ಉದ್ಯಾನ ಮಧ್ಯಾಹ್ನದ ಹೊತ್ತಿನಲ್ಲಿ ರಾಜ್ಯಕ್ಕೆ ಧಾರಾಳವಾಗಿ ಕೊಡುತ್ತದೆ, ಆದರೆ ಮೆಟ್ರೋಗೆ ಜನ ಮುಗಿಬೀಳುವುದು ಸಂಜೆ ಆರರ ನಂತರ, ಪಾವಗಡದಲ್ಲಿ ಸೂರ್ಯ ಮುಳುಗಿದ ಮೇಲೆ. ಆಗ ರಾಜ್ಯ ಕೈಚಾಚುವುದು ಕಲ್ಲಿದ್ದಲಿನ ಕಡೆಗೆ ಮತ್ತು ಶರಾವತಿಯ ನೀರಿನ ಕಡೆಗೆ. ಹಾಗೆಂದು ಮೆಟ್ರೋ ಬೇಡವೆಂದು ಅರ್ಥವಲ್ಲ. ಸಾವಿರಕ್ಕೂ ಹೆಚ್ಚು ಜನ ಹಿಡಿಯುವ ಒಂದು ರೈಲಿನ ಬದಲು ಅಷ್ಟೂ ಜನ ಸ್ಕೂಟರು, ಕಾರುಗಳಲ್ಲಿ ಹೋದರೆ ಆಗುವ ಹಾನಿ ಬಹಳ ದೊಡ್ಡದು. ಆದರೆ ರೈಲಿನ ಹಸಿರುತನದ ಅರ್ಧ ಭಾಗ ರೈಲಿನಲ್ಲಿಲ್ಲ, ಅದು ಬಳಸುವ ಕರೆಂಟಿನಲ್ಲಿದೆ ಎಂಬುದು ನೆನಪಿರಲಿ.

ಈಗ ಈ ಸೇವೆಯ ದೊಡ್ಡ ದೌರ್ಬಲ್ಯಕ್ಕೆ ಬರುತ್ತೇನೆ. ಎರಡು ನಿಮಿಷಕ್ಕೊಂದು ರೈಲು ಓಡಿಸಬಲ್ಲ ವ್ಯವಸ್ಥೆಯನ್ನು ಕಟ್ಟಿ, ಉದ್ಘಾಟನೆಯ ಹೊತ್ತಿಗೆ ಅದರ ಮೇಲೆ ಓಡಿಸಲು ಇದ್ದದ್ದು ಕೇವಲ ಮೂರು ರೈಲುಗಳು. ಆರಂಭದ ವೇಳಾಪಟ್ಟಿ 25 ನಿಮಿಷಕ್ಕೊಂದು ರೈಲು ಎಂದಿತ್ತು, ಅಂದರೆ ಗಂಟೆಗೆ ಎರಡೂವರೆಯಷ್ಟೂ ಇಲ್ಲ. ಇದರ ಹಿನ್ನೆಲೆ ಹೊಸದೇನಲ್ಲ. 216 ಬೋಗಿಗಳನ್ನು ಪೂರೈಸುವ ಗುತ್ತಿಗೆ 2019ರಲ್ಲಿ ಚೀನಾದ ಸಿಆರ್‌ಆರ್‌ಸಿ ಕಂಪನಿಗೆ ಹೋಯಿತು. ಬಹುಪಾಲು ಬೋಗಿಗಳನ್ನು ಭಾರತದಲ್ಲೇ ತಯಾರಿಸಬೇಕೆಂಬ ಷರತ್ತಿತ್ತು. ಅಷ್ಟರಲ್ಲಿ 2020ರ ಗಡಿ ಸಂಘರ್ಷವೂ ಕೋವಿಡ್ಡೂ ಬಂದವು. ಕೊನೆಗೆ ಪಶ್ಚಿಮ ಬಂಗಾಳದ ಟೀಟಾಗಢ ಕಂಪನಿಯ ಕಾರ್ಖಾನೆಯಲ್ಲಿ ಬೋಗಿಗಳು ತಯಾರಾಗುವಂತಾಯಿತು. ಮೊದಲ ರೈಲು ಚೀನಾದಿಂದ ಹಡಗಿನಲ್ಲಿ ಚೆನ್ನೈಗೆ, ಅಲ್ಲಿಂದ ಲಾರಿಗಳಲ್ಲಿ ಹೆಬ್ಬಗೋಡಿಯ ಡಿಪೋಗೆ ಬಂದದ್ದು 2024ರ ಫೆಬ್ರವರಿಯಲ್ಲಿ. ಕಂಬ, ಹಳಿ, ನಿಲ್ದಾಣ ಎಲ್ಲವೂ ರೈಲಿಗಾಗಿ ಕಾದವು. ಮದುವೆ ಮಂಟಪ ಸಿಂಗರಿಸಿ, ಅಡಿಗೆಯವರು ಬಂದು ಒಲೆ ಹಚ್ಚಿದ ಮೇಲೂ ದಿಬ್ಬಣ ಇನ್ನೂ ದಾರಿಯಲ್ಲಿದೆ ಎನ್ನುವ ಸ್ಥಿತಿ.

ನಂತರ ಒಂದೊಂದೇ ರೈಲು ಸೇರುತ್ತ ಬಂದಂತೆ ಆ ಅಂತರ 2025ರಲ್ಲೇ 19 ನಿಮಿಷಕ್ಕೆ, ಮತ್ತೆ 15 ನಿಮಿಷಕ್ಕೆ ಇಳಿಯಿತು. ಇಳಿದದ್ದು ಸಂತೋಷವೇ. ಆದರೆ ಪ್ರಯಾಣಿಕನ ಮನಸ್ಸಿನ ಲೆಕ್ಕ ಬೇರೆ. ಐದು ನಿಮಿಷಕ್ಕೊಂದು ರೈಲಿದ್ದರೆ ಯಾರೂ ವೇಳಾಪಟ್ಟಿ ನೋಡುವುದಿಲ್ಲ. ಚಪ್ಪಲಿ ಹಾಕಿಕೊಂಡು ಹೊರಡುತ್ತಾರೆ. ಹದಿನೈದು ನಿಮಿಷವಾದರೆ ಗಡಿಯಾರ ನೋಡುತ್ತಾರೆ, ಇಪ್ಪತ್ತು ನಿಮಿಷ ದಾಟಿದರೆ ಸ್ಕೂಟರಿನ ಕೀಲಿ ಹುಡುಕುತ್ತಾರೆ. ಅದರಲ್ಲೂ ನಾಗಸಂದ್ರದಿಂದಲೋ ವೈಟ್‌ಫೀಲ್ಡಿನಿಂದಲೋ ಬಂದು ಬದಲಾಯಿಸಿಕೊಳ್ಳುವವರಿಗೆ ಈ ಅಂತರವೇ ಇಡೀ ಪ್ರಯಾಣದ ಸ್ವಭಾವವನ್ನು ನಿರ್ಧರಿಸುತ್ತದೆ. ಕಾಯುವಿಕೆಗೆ ಹೋಲಿಸಿದರೆ ರೈಲಿನ ವೇಗ, ಬೋಗಿಯ ತಂಪು, ಚಾಲಕರಿಲ್ಲದ ಬೆರಗು ಎಲ್ಲವೂ ಎರಡನೆಯ ಸಾಲಿನವು. ಭವಿಷ್ಯದ ನಗರದ ಚಿತ್ರಗಳನ್ನು ಬಿಡಿಸುವವರು ರೈಲನ್ನು ಚಂದವಾಗಿ ಬಿಡಿಸುತ್ತಾರೆ. ಎರಡು ರೈಲುಗಳ ನಡುವಿನ ಖಾಲಿ ಹಳಿ ಚಿತ್ರದಲ್ಲಿ ಕಾಣುವುದಿಲ್ಲ.

ಬೊಮ್ಮನಹಳ್ಳಿಯಿಂದ ಮುಂದೆ ಹಳದಿ ಮಾರ್ಗ ಎತ್ತರಿಸಿದ ಟೋಲ್ ರಸ್ತೆಗೆ ಜೊತೆಯಾಗಿ ಸಾಗುತ್ತದೆ. ಕಿಟಕಿಯ ಪಕ್ಕ ಕುಳಿತರೆ ನಿಲ್ದಾಣಗಳ ಹೆಸರುಗಳನ್ನು ಒಂದೊಂದಾಗಿ ಓದುವುದು ನನ್ನ ಅಭ್ಯಾಸ: ಬೊಮ್ಮನಹಳ್ಳಿ, ಹೊಂಗಸಂದ್ರ, ಕೂಡ್ಲು ಗೇಟ್, ಸಿಂಗಸಂದ್ರ, ಹೊಸ ರೋಡ್, ಬೆರಟೇನ ಅಗ್ರಹಾರ. ಕೊನೆಗೆ ಹುಸ್ಕೂರು ರೋಡ್, ಹೆಬ್ಬಗೋಡಿ, ಬೊಮ್ಮಸಂದ್ರ. ಇದರಲ್ಲಿ ಮೂರು ‘ಸಂದ್ರ’ಗಳಿವೆ. ಸಂದ್ರವೆಂದರೆ ಸಮುದ್ರ, ಅಂದರೆ ಊರವರು ಕಟ್ಟಿಸಿ ಹೆಮ್ಮೆಯಿಂದ ಸಮುದ್ರವೆಂದು ಕರೆದ ಕೆರೆ. ಮಳೆನೀರನ್ನು ಒಂದು ಕೆರೆಯಿಂದ ಇನ್ನೊಂದಕ್ಕೆ ಕಾಲುವೆಗಳ ಮೂಲಕ ಇಳಿಸಿಕೊಂಡು ಬದುಕಿದ ಊರುಗಳ ಸಾಲಿನ ಮೇಲೆ ಈ ಮಾರ್ಗ ಹಾದುಹೋಗುತ್ತದೆ. ಸುಸ್ಥಿರತೆ ಎಂಬ ಪದ ಕನ್ನಡಕ್ಕೆ ಬರುವ ಎಷ್ಟೋ ಮೊದಲೇ ಅದನ್ನು ಮಾಡಿ ತೋರಿಸಿದವರು ಇಲ್ಲಿದ್ದರು. ಇವತ್ತು ಒಂದು ಗಂಟೆ ಜೋರು ಮಳೆ ಬಂದರೆ ಹೊಸೂರು ರಸ್ತೆಯಲ್ಲಿ ನೀರು ನಿಲ್ಲುವುದಕ್ಕೆ ಆ ಕಾಲುವೆಗಳು ಮುಚ್ಚಿಹೋದದ್ದೇ ದೊಡ್ಡ ಕಾರಣ. ನಾನು ಹೋದ ಮಳೆಯ ಸಂಜೆ ರೈಲು ಸಮಯಕ್ಕೆ ಸರಿಯಾಗಿ, ನೆಲದ ರಾದ್ಧಾಂತಕ್ಕೂ ತನಗೂ ಸಂಬಂಧವಿಲ್ಲವೆಂಬಂತೆ ಸಾಗಿತು. ಕೆಳಗೆ ಟಯರು ಮುಳುಗಿದ ಆಟೋಗಳನ್ನು ನೋಡುತ್ತ ಕುಳಿತ ನಮಗೆಲ್ಲ ಸ್ವಲ್ಪ ಸಮಾಧಾನವೂ ಸ್ವಲ್ಪ ನಾಚಿಕೆಯೂ ಆದದ್ದು ನಿಜ. ಯಾಕೆಂದರೆ ಇನ್ನು ಹತ್ತು ನಿಮಿಷದಲ್ಲಿ ನಾವೂ ಅದೇ ನೀರಿಗೆ ಇಳಿಯಬೇಕಾಗಿತ್ತು.

ಇಳಿಯುವ ವಿಷಯವೇ ಈ ವಿಮರ್ಶೆಯ ಮುಖ್ಯ ಭಾಗ ಎಂದರೂ ತಪ್ಪಿಲ್ಲ. ನಿಲ್ದಾಣಗಳ ಒಳಗೆ ಎಸ್ಕಲೇಟರ್, ಲಿಫ್ಟ್, ಕಣ್ಣು ಕಾಣದವರು ಕೋಲಿನಿಂದ ಗುರುತಿಸಬಹುದಾದ ಉಬ್ಬುಗೆರೆಯ ನೆಲಹಾಸು ಎಲ್ಲವೂ ಇವೆ. ಆ ಉಬ್ಬುಗೆರೆ ಎಲ್ಲಿ ಕೊನೆಯಾಗುತ್ತದೆ ಎಂಬುದನ್ನು ಒಂದು ದಿನ ಹಿಂಬಾಲಿಸಿ ನೋಡಿದೆ. ನಿಲ್ದಾಣದ ಹೆಸರು ಬೇಡ. ಮೆಟ್ಟಿಲ ಬುಡದಲ್ಲಿ ಅದು ನಿಂತುಹೋಯಿತು. ಮುಂದೆ ಎರಡು ಹೆಜ್ಜೆಗೆ ಬಾಯ್ದೆರೆದ ಚರಂಡಿ, ಅದರಾಚೆ ಟ್ರಾನ್ಸ್‌ಫಾರ್ಮರ್, ಅದರ ಪಕ್ಕದಲ್ಲಿ ಸಾಲಾಗಿ ನಿಲ್ಲಿಸಿದ ಬೈಕುಗಳು, ಪುಟಪಾತಿನ ಉಳಿದ ಭಾಗದಲ್ಲಿ ಎಳನೀರಿನ ಗಾಡಿ. ಎಳನೀರಿನವರನ್ನು ನಾನು ದೂರುವುದಿಲ್ಲ. ನಿಲ್ದಾಣದ ಬಾಗಿಲಲ್ಲಿ ನಿಂತು ನೆರಳೂ ನೀರೂ ಕೊಡುವವರು ಅವರೊಬ್ಬರೇ. ಆದರೆ ಕಿಲೋಮೀಟರಿಗೆ 374 ಕೋಟಿ ಸುರಿದ ಮಾರ್ಗದ ಕೊನೆಯಲ್ಲಿ ಮುನ್ನೂರು ಮೀಟರ್ ನೆಟ್ಟಗೆ ನಡೆಯುವಂಥ ದಾರಿ ಇಲ್ಲವೆಂದರೆ, ಆ ನಗರದ ವಿನ್ಯಾಸ ಮಾಡಿದವರು ಮನುಷ್ಯರಿಗೆ ಕಾಲುಗಳಿವೆ ಎಂಬುದನ್ನು ನಕ್ಷೆಯಲ್ಲಿ ಗುರುತು ಹಾಕಲು ಮರೆತಂತೆ. ಆ ರಸ್ತೆ ಯಾವ ಇಲಾಖೆಯ ಸುಪರ್ದಿಗೆ ಸೇರಿದ್ದು ಎಂಬುದು ನಡೆಯುವವನಿಗೆ ಬೇಕಿಲ್ಲದ ಮಾಹಿತಿ.

ಎಲೆಕ್ಟ್ರಾನಿಕ್ ಸಿಟಿಯ ಒಳಗಿನ ರಸ್ತೆಗಳು ಈ ಮಟ್ಟಿಗೆ ವಾಸಿ. ಅಲ್ಲಿನ ಕೈಗಾರಿಕಾ ಪ್ರದೇಶಕ್ಕೆ 2013ರಿಂದ ತನ್ನದೇ ಟೌನ್‌ಶಿಪ್ ಪ್ರಾಧಿಕಾರವಿದ್ದು, ತೆರಿಗೆಯ ಹಣ ಅಲ್ಲೇ ಖರ್ಚಾಗುವ ವ್ಯವಸ್ಥೆಯಿದೆ. ಮರಗಳ ನೆರಳಿನಲ್ಲಿ ನಡೆಯಬಹುದಾದ ಪುಟಪಾತುಗಳೂ ಇವೆ. ಆ ಗಡಿಯಾಚೆ ಕಾಲಿಟ್ಟ ತಕ್ಷಣ ನೆಲದ ಸ್ವರೂಪವೇ ಬದಲಾಗುತ್ತದೆ. ಇಂಥ ಗಡಿಗಳನ್ನು ಹಾಕಿಕೊಂಡು ಒಳಗಷ್ಟೇ ಭವಿಷ್ಯವನ್ನು ಕಟ್ಟುವುದು ಸುಲಭ. ಹಳದಿ ಮಾರ್ಗದ ಹೆಚ್ಚುಗಾರಿಕೆ ಏನೆಂದರೆ ಅದು ಆ ಗಡಿಯೊಳಗೂ ಹೊರಗೂ ಒಂದೇ ಮಟ್ಟದ ನಿಲ್ದಾಣಗಳನ್ನು ಕೊಟ್ಟಿದೆ. ಹೊಂಗಸಂದ್ರದ ಬಾಡಿಗೆ ಕೋಣೆಯಿಂದ ಬರುವವರಿಗೂ ಕೋನಪ್ಪನ ಅಗ್ರಹಾರದ ಗಾಜಿನ ಕಚೇರಿಯಿಂದ ಬರುವವರಿಗೂ ಅದೇ ಪ್ಲಾಟ್‌ಫಾರ್ಮ್, ಅದೇ ಬೋಗಿ. ಕೋನಪ್ಪನ ಅಗ್ರಹಾರ, ಹೆಬ್ಬಗೋಡಿ, ಬೊಮ್ಮಸಂದ್ರ ನಿಲ್ದಾಣಗಳ ಹೆಸರಿಗೆ ಇನ್ಫೋಸಿಸ್ ಫೌಂಡೇಶನ್, ಬಯೋಕಾನ್, ಡೆಲ್ಟಾ ಎಲೆಕ್ಟ್ರಾನಿಕ್ಸ್ ಎಂಬ ಹೆಸರುಗಳು ಸೇರಿಕೊಂಡಿವೆ. ಕಂಪನಿಗಳ ಹಣ ಸಾರ್ವಜನಿಕ ಸಾರಿಗೆಗೆ ಬರುವುದನ್ನು ನಾನು ಸ್ವಾಗತಿಸುತ್ತೇನೆ. ಅಗ್ರಹಾರದ ಹೆಸರು ಅಳಿಯದೆ ಜೊತೆಗೆ ಉಳಿಯಿತಲ್ಲ ಎಂಬ ಸಮಾಧಾನವೂ ಇದೆ.

ಭಾಷೆಯ ವಿಷಯದಲ್ಲಿ ಈ ಸೇವೆಗೆ ಪೂರ್ತಿ ಅಂಕ ಕೊಡುತ್ತೇನೆ. 2017ರಲ್ಲಿ ಹಿಂದಿ ಫಲಕಗಳ ವಿರುದ್ಧ ನಡೆದ ಚಳವಳಿಯ ನಂತರ ನಮ್ಮ ಮೆಟ್ರೋದಲ್ಲಿ ಕನ್ನಡ ಮತ್ತು ಇಂಗ್ಲಿಷ್ ಎರಡೇ ಉಳಿದವು. ಮೊದಲ ಮಾರ್ಗಗಳಲ್ಲಿ ನಿಲ್ದಾಣಗಳ ಹೆಸರನ್ನು ಅಚ್ಚುಕಟ್ಟಾದ ಕನ್ನಡದಲ್ಲಿ ಹೇಳಿದ ನಿರೂಪಕಿ ಅಪರ್ಣಾ 2024ರ ಜುಲೈನಲ್ಲಿ ತೀರಿಕೊಂಡಾಗ, ಅವರನ್ನು ಎಂದೂ ಕಾಣದ ಪ್ರಯಾಣಿಕರೂ ಮನೆಯವರನ್ನು ಕಳೆದುಕೊಂಡಂತೆ ಮರುಗಿದರು. ಯಂತ್ರವೊಂದು ನಮ್ಮ ಭಾಷೆಯಲ್ಲಿ ತಪ್ಪಿಲ್ಲದೆ ಮಾತಾಡಿದರೆ ಜನ ಅದನ್ನು ತಮ್ಮದೆಂದು ಒಪ್ಪಿಕೊಳ್ಳುತ್ತಾರೆ. ಟಿಕೆಟಿನ ವ್ಯವಸ್ಥೆಯೂ ಸರಳವಾಗಿದೆ. ಟೋಕನ್, ಸ್ಮಾರ್ಟ್ ಕಾರ್ಡ್, ಬ್ಯಾಂಕಿನ ಸಾಮಾನ್ಯ ಸಂಚಾರ ಕಾರ್ಡ್, 2022ರ ನವೆಂಬರಿನಿಂದ ವಾಟ್ಸ್ಆ್ಯಪ್ ಮೂಲಕವೇ ಪಡೆಯಬಹುದಾದ ಕ್ಯೂಆರ್ ಟಿಕೆಟ್, ಇವುಗಳಲ್ಲಿ ಯಾವುದು ಒಗ್ಗಿದರೆ ಅದನ್ನು ಬಳಸಬಹುದು. ದಿನವೂ ಓಡಾಡುವವರಿಗೆ ಸ್ಮಾರ್ಟ್ ಕಾರ್ಡೇ ಮೇಲು, ಅದಕ್ಕೆ ರಿಯಾಯಿತಿಯಿದೆ.

ದರದ ಬಗ್ಗೆ ಅಷ್ಟು ಉದಾರವಾಗಿ ಮಾತಾಡಲಾರೆ. 2025ರ ಫೆಬ್ರವರಿಯ ಪರಿಷ್ಕರಣೆಯಲ್ಲಿ ಗರಿಷ್ಠ ದರವನ್ನು 60 ರೂಪಾಯಿಯಿಂದ 90 ರೂಪಾಯಿಗೆ ಏರಿಸಲಾಯಿತು. ಹಳದಿ ಮಾರ್ಗ ಹುಟ್ಟಿದ್ದೇ ಈ ಏರಿದ ದರದೊಂದಿಗೆ. ಸಾಫ್ಟ್‌ವೇರ್ ಕಂಪನಿಯ ಉದ್ಯೋಗಿಗೆ ಇದು ಕ್ಯಾಬಿನ ಬಾಡಿಗೆಗಿಂತ ಬಹಳ ಕಡಿಮೆ. ಆದರೆ ಈ ರಸ್ತೆಯ ಮೇಲೆ ಬೆಳಿಗ್ಗೆ ಎಂಟರೊಳಗೆ ನಡೆದು ಹೋಗುವವರಲ್ಲಿ ಹೆಚ್ಚಿನವರು ಸಾಫ್ಟ್‌ವೇರಿನವರಲ್ಲ. ಬೊಮ್ಮನಹಳ್ಳಿ, ಹೊಂಗಸಂದ್ರ, ಕೂಡ್ಲು ಸುತ್ತಮುತ್ತಲಿನ ಗಾರ್ಮೆಂಟ್ಸ್ ಕಾರ್ಖಾನೆಗಳಿಗೂ ಬೊಮ್ಮಸಂದ್ರದ ಕೈಗಾರಿಕಾ ಪ್ರದೇಶಕ್ಕೂ ಹೋಗುವವರು ಅವರು, ಮತ್ತು ಗಾರ್ಮೆಂಟ್ಸಿನಲ್ಲಿ ಬಹುಪಾಲು ಹೆಂಗಸರು. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದಾಗಿ ಸಾಮಾನ್ಯ ಬಸ್ಸುಗಳಲ್ಲಿ ಅವರಿಗೆ ಪ್ರಯಾಣ ಉಚಿತ. ಮೆಟ್ರೋದಲ್ಲಿ ದಿನಕ್ಕೆ ಹೋಗಿ ಬರಲು 80 ರೂಪಾಯಿ ಎಂದಿಟ್ಟುಕೊಂಡರೂ 26 ದಿನದ ಕೆಲಸಕ್ಕೆ ತಿಂಗಳಿಗೆ 2,080 ರೂಪಾಯಿ. ಮಗುವಿನ ಟ್ಯೂಷನ್ನಿನ ಫೀಸು ಅದು. ಇಲ್ಲಿ ಆಯ್ಕೆ ಮೆಟ್ರೋ ಮತ್ತು ಕಾರಿನ ನಡುವೆ ಇಲ್ಲ, ದುಡ್ಡು ಮತ್ತು ನಿದ್ದೆಯ ನಡುವೆ ಇದೆ. ಬಸ್ಸಿಗೆ ಹೋಗುವವರು ಒಂದು ಗಂಟೆ ಮೊದಲೇ ಏಳುತ್ತಾರೆ. ತಿಂಗಳ ಪಾಸು ಇಲ್ಲವೇ ಪಾಳಿಯ ಹೊತ್ತಿನ ರಿಯಾಯಿತಿಯಂಥ ಏನಾದರೂ ಒಂದು ವ್ಯವಸ್ಥೆಯಾದರೆ ಈ ಮಾರ್ಗದ ಬೋಗಿಗಳು ಬೆಳಗಿನ ಜಾವದಿಂದಲೇ ತುಂಬುತ್ತವೆ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಹೋಗಲಿರುವವರಿಗೆ ಕೆಲವು ಪ್ರಾಯೋಗಿಕ ಸಲಹೆಗಳು. ಬೆಳಿಗ್ಗೆ ಎಲೆಕ್ಟ್ರಾನಿಕ್ ಸಿಟಿಯ ಕಡೆಗೆ ಹೊರಡುವವರು ಮನೆ ಬಿಡುವ ಮೊದಲು ಹಳದಿ ಮಾರ್ಗದ ರೈಲಿನ ಸಮಯ ನೋಡಿಕೊಂಡು, ಅದಕ್ಕೆ ಹೊಂದುವಂತೆ ಹಸಿರು ಮಾರ್ಗದ ರೈಲು ಹಿಡಿಯುವುದು ಒಳ್ಳೆಯದು, ಆರ್.ವಿ. ರಸ್ತೆಯಲ್ಲಿ ಬದಲಾಯಿಸಲು ಕೆಲವು ನಿಮಿಷ ಹೆಚ್ಚೇ ಇಟ್ಟುಕೊಳ್ಳಿ. ಜಯದೇವ ಆಸ್ಪತ್ರೆಗೆ ಹೋಗುವವರು ಮೆಟ್ಟಿಲು ಹತ್ತಿಳಿಯುವ ಸಾಹಸ ಮಾಡದೆ ಲಿಫ್ಟ್ ಎಲ್ಲಿದೆಯೆಂದು ಸಿಬ್ಬಂದಿಯನ್ನು ಕೇಳಿ. ಹುಸ್ಕೂರು ರೋಡ್ ನಿಲ್ದಾಣ ಎಂದರೆ ಹುಸ್ಕೂರು ಅಲ್ಲ; ಮದ್ದೂರಮ್ಮನ ಜಾತ್ರೆಗೆ, ಆಕಾಶಕ್ಕೆ ಮುಟ್ಟುವಂಥ ಆ ತೇರುಗಳನ್ನು ನೋಡಲು ಹೋಗುವವರು ಅಲ್ಲಿ ಇಳಿದು ಮತ್ತೆ ಬಸ್ಸನ್ನೋ ಆಟೋವನ್ನೋ ಹಿಡಿಯಬೇಕು. ಬೊಮ್ಮಸಂದ್ರದಲ್ಲಿ ಇಳಿದು ಅತ್ತಿಬೆಲೆ, ಹೊಸೂರಿನ ಕಡೆಗೆ ಹೋಗುವವರಿಗೆ ಹೆದ್ದಾರಿಯಲ್ಲೇ ಬಸ್ಸು ಸಿಗುತ್ತದೆ.

ಕಳೆದ ಸಲ ಬೊಮ್ಮನಹಳ್ಳಿ ನಿಲ್ದಾಣದ ಮೆಟ್ಟಿಲು ಇಳಿಯುವಾಗ ಮುಂದೆ ಇಬ್ಬರು ಹೆಂಗಸರು, ಕುತ್ತಿಗೆಯಲ್ಲಿ ಕಾರ್ಖಾನೆಯ ಗುರುತಿನ ಚೀಟಿ, ಕೈಯಲ್ಲಿ ಬುತ್ತಿಯ ಚೀಲ, ಮಾತಾಡಿಕೊಂಡು ಇಳಿಯುತ್ತಿದ್ದರು. ಚಿಕ್ಕವಳು ಕೇಳಿದಳು: ‘ಅಕ್ಕಾ, ನಾಳೇನೂ ಮೆಟ್ರೋಲೇ ಬರ್ತೀಯಾ?’ ದೊಡ್ಡವಳು ಒಂದು ಕ್ಷಣ ಲೆಕ್ಕ ಹಾಕಿ ಹೇಳಿದಳು: ‘ಇಪ್ಪತ್ತನೇ ತಾರೀಕು ಆಯ್ತಲ್ಲೇ. ಇನ್ನು ಸಂಬಳ ಆಗೋವರೆಗೂ ಬಸ್ಸೇ.’